ಮಳೆ ಬಂದರೂ ಬಾರದಿದ್ದರೂ ಕರೆಂಟ್: ಮಲೆನಾಡಿನ ತೋಟಕ್ಕೆ ಎಷ್ಟು ವಿದ್ಯುತ್ ಸಾಮರ್ಥ್ಯ ಬೇಕು ಎಂದು ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

2019ರ ಆಗಸ್ಟ್ ಮಳೆಯನ್ನು ಮೂಡಿಗೆರೆ ಕಡೆಯವರು ಯಾರೂ ಮರೆತಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ನಮ್ಮ ತೋಟದ ಮೇಲಿನ ಲೈನಿನ ಮೇಲೆ ಮರ ಬಿತ್ತು. ಒಂಬತ್ತು ದಿನ ಕರೆಂಟ್ ಇರಲಿಲ್ಲ. ಶೆಡ್ಡಿನಲ್ಲಿ 15 ಕೆವಿಎ ಜನರೇಟರ್ ಇತ್ತು, 60 ಲೀಟರ್ ಡೀಸೆಲ್ ಇತ್ತು. ಸಾಕಪ್ಪಾ ಅಂದುಕೊಂಡಿದ್ದೆ. ನಾಲ್ಕನೇ ದಿನಕ್ಕೆ ಡೀಸೆಲ್ ಮುಗಿಯಿತು. ನಾಲ್ಕು ಲೈಟು, ಒಂದು ಫ್ರಿಜ್ಜಿಗಾಗಿ ಅಷ್ಟು ದೊಡ್ಡ ಎಂಜಿನ್ ಗಂಟೆಗೆ ಒಂದೂವರೆ ಲೀಟರ್ ಕುಡಿದಿತ್ತು. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇತ್ತು, ಅದೂ ಸುಮ್ಮನಿತ್ತು. ಹಿತ್ತಲ ಹಿಂದಿನ ಹಳ್ಳ ಮಾತ್ರ ಹಗಲು ರಾತ್ರಿ ಭೋರ್ಗರೆಯುತ್ತಿತ್ತು.

ಸಾಮರ್ಥ್ಯ ಕಡಿಮೆಯಾಗಿ ಹೀಗಾಯಿತು ಅನ್ನುವ ಹಾಗಿಲ್ಲ. ಜನರೇಟರ್ ಮನೆಗೆ ಬೇಕಾದ್ದಕ್ಕಿಂತ ಹತ್ತು ಪಟ್ಟು ದೊಡ್ಡದಿತ್ತು. ನಾನು ಒಂದೇ ರೀತಿಯ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಂಡಿದ್ದೆ. ಡಿಸೆಂಬರಿನಲ್ಲಿ ಸಂಜೆ ಎರಡು ಗಂಟೆ ಕರೆಂಟ್ ಹೋಗುತ್ತದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಬೇಕು, ಅಷ್ಟೇ. ಮುಂದೆ ಏನು ಬರುತ್ತದೋ ಗೊತ್ತಿಲ್ಲದಾಗ ಹೇಗೆ ತೀರ್ಮಾನ ಮಾಡಬೇಕು ಎಂಬುದನ್ನು ಆಮೇಲೆ ನಿಧಾನವಾಗಿ ಕಲಿತೆ. ಆ ದಾರಿಯನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಉದಾಹರಣೆಗೆ ಹತ್ತು ಎಕರೆ ಕಾಫಿ ತೋಟವನ್ನು ಇಟ್ಟುಕೊಂಡಿದ್ದೇನೆ. ಸಕಲೇಶಪುರ, ಕೊಪ್ಪ, ಬೇಲೂರಿನ ಮಲೆನಾಡು ಭಾಗಕ್ಕೂ ಇದೇ ಲೆಕ್ಕ ಹೊಂದುತ್ತದೆ.

ಮೊದಲು ಒಂದು ನೋಟ್‌ಬುಕ್

ಅಂಗಡಿಗೆ ಹೋಗುವ ಮೊದಲು ನೋಟ್‌ಬುಕ್ ತೆಗೆಯಿರಿ. ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಕಾರಣ ಗೊತ್ತಿದ್ದರೆ ಕಾರಣ, ಇಷ್ಟನ್ನು ಬರೆಯುತ್ತಾ ಹೋಗಿ. ಒಂದು ಮಳೆಗಾಲ, ಒಂದು ಬೇಸಿಗೆ ಬರೆದರೂ ಸಾಕು. ವರ್ಷಕ್ಕೆ ಒಟ್ಟು ಎಷ್ಟು ಗಂಟೆ ಹೋಯಿತು ಎಂಬುದಕ್ಕಿಂತ, ಒಂದೇ ಸಲಕ್ಕೆ ಅತಿ ಉದ್ದ ಎಷ್ಟು ಹೋಯಿತು ಎಂಬುದು ಮುಖ್ಯ. ನೂರು ಸಲ ಒಂದೊಂದು ಗಂಟೆ ಹೋಗುವುದಕ್ಕೂ ಒಮ್ಮೆಗೇ ನೂರು ಗಂಟೆ ಹೋಗುವುದಕ್ಕೂ ಒಟ್ಟು ಮೊತ್ತ ಒಂದೇ. ಮೊದಲನೆಯದಕ್ಕೆ ಸಣ್ಣ ಬ್ಯಾಟರಿ ಸಾಕು. ಎರಡನೆಯದಕ್ಕೆ ಕರೆಂಟ್ ಹುಟ್ಟಿಸುವ ಬೇರೆ ಮೂಲವೇ ಬೇಕು.

ಬೇಡಿಕೆಯನ್ನು ಮೂರು ರಾಶಿ ಮಾಡಿ

ಮನೆಯ ದಿನದ ಖರ್ಚು ಹೀಗೆ ಬರುತ್ತದೆ ಅಂದುಕೊಳ್ಳಿ. ಒಂಬತ್ತು ವ್ಯಾಟಿನ ಹತ್ತು ಎಲ್‌ಇಡಿ ಐದು ಗಂಟೆ ಉರಿದರೆ ಅರ್ಧ ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಫ್ರಿಜ್ಜಿಗೆ ಒಂದು, ಒಂದೂಕಾಲು ಯೂನಿಟ್. ಟಿವಿ, ವೈಫೈ, ಮೊಬೈಲ್ ಚಾರ್ಜ್ ಸೇರಿ ಅರ್ಧ. ಮಿಕ್ಸಿಗೆ ಕಾಲು. ಒಂದು ಎಚ್‌ಪಿ ನೀರಿನ ಮೋಟಾರ್ ಗಂಟೆ ಓಡಿದರೆ ಒಂದು ಯೂನಿಟ್. ಕೆಲಸದವರ ಮೂರು ಲೈನ್ ಮನೆಗಳಿಗೆ ಒಂದೂವರೆ. ಒಟ್ಟು ಸುಮಾರು 5 ಯೂನಿಟ್. ಬಿಸಿನೀರಿಗೆ ಹಂಡೆ ಒಲೆ ಇರುವ ಮನೆಯ ಲೆಕ್ಕ ಇದು. ಗೀಸರ್ ಇದ್ದರೆ ಲೆಕ್ಕವೇ ಬೇರೆ.

ಇದು ಮೊದಲನೇ ರಾಶಿ: ದಿನವೂ ಬೇಕು, ಆದರೆ ಕಡಿಮೆ.

ಎರಡನೆಯದು ಪಲ್ಪಿಂಗ್. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು. ರಾತ್ರಿ ಉಳಿದರೆ ಹುಳಿ ಬಂದು ಗುಣಮಟ್ಟ ಕೆಡುತ್ತದೆ. ಪಲ್ಪರಿಗೆ 3 ಎಚ್‌ಪಿ, ನೀರಿನ ಪಂಪಿಗೆ 2 ಎಚ್‌ಪಿ ಅಂದರೆ ಎರಡೂ ಸೇರಿ 5 ಕಿಲೋವ್ಯಾಟ್ ಹತ್ತಿರ ಎಳೆಯುತ್ತವೆ. ಮೂರು ಗಂಟೆಗೆ 15 ಯೂನಿಟ್. ಪಲ್ಪ್ ಮಾಡುವ ದಿನಗಳನ್ನೆಲ್ಲಾ ಕೂಡಿಸಿದರೆ ವರ್ಷದಲ್ಲಿ ಒಂದು ತಿಂಗಳ ಕೆಲಸ, ಆದರೆ ಆ ಸಂಜೆ ತಪ್ಪುವ ಹಾಗಿಲ್ಲ.

ಮೂರನೆಯದು ಸ್ಪ್ರಿಂಕ್ಲರ್. ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ನೀರು ಹಾಯಿಸಲೇಬೇಕು. ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ನೀರು, ಅಂದರೆ ಕಾಯಿ ಕಚ್ಚಲು ಕೊಡುವ ಎರಡನೇ ಸಲದ ನೀರು. 10 ಎಚ್‌ಪಿ ಪಂಪ್ ದಿನಕ್ಕೆ ಹತ್ತು ಗಂಟೆ ಓಡಿದರೆ 90 ಯೂನಿಟ್ ದಾಟುತ್ತದೆ. ಮನೆಯ ಹದಿನೆಂಟು ದಿನದ ಖರ್ಚು ಒಂದೇ ದಿನಕ್ಕೆ ಹೋಯಿತು ಅಲ್ವಾ? ಇದಕ್ಕೆ ಬ್ಯಾಟರಿ ಕೊಳ್ಳಲು ಹೋಗಬೇಡಿ.

ಮೂರನ್ನೂ ಕೂಡಿಸಿ ಒಂದೇ ಅಂಕಿ ಮಾಡಿದಾಗಲೇ ಹೆಚ್ಚಿನವರು ಎಡವುವುದು. ನಾನೂ ಅಲ್ಲೇ ಎಡವಿದ್ದು. ಮೂರು ರಾಶಿಗೆ ಮೂರು ಬೇರೆ ಉತ್ತರ ಹುಡುಕಬೇಕು.

ಇಲ್ಲೇ ಇನ್ನೊಂದು ವಿಷಯ. ಯಾವ ಕೆಲಸವನ್ನು ಮುಂದೂಡಬಹುದು ಎಂದು ಪ್ರತಿಯೊಂದರ ಪಕ್ಕ ಗುರುತು ಹಾಕಿ. ನೀರಿನ ಮೋಟಾರ್ ಒಳ್ಳೆಯ ಉದಾಹರಣೆ. ಎರಡು ದಿನಕ್ಕೆ ಸಾಲುವಷ್ಟು ದೊಡ್ಡ ಟ್ಯಾಂಕ್ ಎತ್ತರದಲ್ಲಿ ಇಟ್ಟರೆ ಮೋಟಾರನ್ನು ಬ್ಯಾಟರಿ ಲೆಕ್ಕದಿಂದಲೇ ತೆಗೆಯಬಹುದು. ಟ್ಯಾಂಕಿನಲ್ಲಿ ನಿಂತ ನೀರು ಬ್ಯಾಟರಿಯ ಕೆಲಸವನ್ನೇ ಮಾಡುತ್ತದೆ. ಅದು ಹಳೆಯದಾಗಿ ಸಾಯುವುದಿಲ್ಲ, ಬೆಲೆಯೂ ಕಡಿಮೆ.

ಮೂಲಗಳ ನಿಜವಾದ ಶಕ್ತಿ ಅಳೆಯಿರಿ

ಸೋಲಾರ್: ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ಲಿಗೆ ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಅನ್ನುತ್ತಾರೆ. ಅರಸೀಕೆರೆ, ಕಡೂರಿನ ಬಯಲಿಗೆ ಅದು ಸರಿ. ಮಲೆನಾಡಿನ ಜುಲೈಗೆ ಒಂದು, ಒಂದೂವರೆ ಯೂನಿಟ್ ಇಟ್ಟುಕೊಳ್ಳಿ. ಕೆಲವು ದಿನ ಅದೂ ಇಲ್ಲ. ಸಿಲ್ವರ್ ಮರದ ನೆರಳು ಪ್ಯಾನೆಲ್ ಮೇಲೆ ಬೀಳದ ಜಾಗ ತೋಟದಲ್ಲಿ ಕಾಫಿ ಕಣ ಮತ್ತು ಅದರ ಪಕ್ಕದ ಶೆಡ್ ಮಾತ್ರ ಇರಬಹುದು. ಜೂನ್‌ಗೂ ಡಿಸೆಂಬರ್‌ಗೂ ಬಿಸಿಲಿನ ಓರೆ ಬೇರೆ, ಎರಡು ಕಾಲದಲ್ಲೂ ನೋಡಿ.

ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಗ್ರಿಡ್‌ಗೆ, ಅಂದರೆ ಹೊರಗಿನ ಕರೆಂಟ್ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವವರಿಗೆ ಶಾಕ್ ಹೊಡೆಯಬಾರದು ಎಂದೇ ಹಾಗೆ ಮಾಡಿರುತ್ತಾರೆ. ನನಗೆ ಅದನ್ನು ಮಾರಿದವರು ಇದನ್ನು ಹೇಳಿರಲಿಲ್ಲ. ಬಿಲ್ ಇಳಿಸಲು ಅದು ಒಳ್ಳೆಯದೇ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟರೆ ಒಟ್ಟು 78,000 ರೂಪಾಯಿ ಸಹಾಯಧನ ನಿಗದಿ ಮಾಡಿದರು. ಆದರೆ ಲೈನ್ ಹೋದಾಗಲೂ ಮನೆಗೆ ಕರೆಂಟ್ ಬೇಕು ಅಂದರೆ ಪ್ಯಾನೆಲ್, ಬ್ಯಾಟರಿ, ಗ್ರಿಡ್ ಮೂರನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕೇ ಬೇಕು.

ಹಳ್ಳ: ಮಲೆನಾಡಿನವರಿಗೆ ಸಿಕ್ಕ ಭಾಗ್ಯ ಇದು. ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ, ಎರಡನ್ನೂ ಗುಣಿಸಿ 5ರಿಂದ ಗುಣಿಸಿ. ಬರುವುದು ವ್ಯಾಟ್. ಲೆಕ್ಕದ ಪ್ರಕಾರ 9.81 ಬರಬೇಕು. ಪೈಪಿನ ಉಜ್ಜಾಟ, ಟರ್ಬೈನ್, ಜನರೇಟರ್ ಎಲ್ಲಾ ಸೇರಿ ಅರ್ಧ ತಿನ್ನುತ್ತವೆ. ನೀರನ್ನು ಒಂದು ಪೈಪಿಗೆ ತಿರುಗಿಸಿ 20 ಲೀಟರ್ ಬಕೆಟ್ ಹಿಡಿಯಿರಿ. ಏಳು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಹತ್ತಿರಹತ್ತಿರ 3 ಲೀಟರ್. 40 ಮೀಟರ್ ಇಳಿಜಾರು ಇದ್ದರೆ 600 ವ್ಯಾಟ್. ಸಣ್ಣದು ಅನಿಸಬಹುದು. ಆದರೆ ಅದು ಇಪ್ಪತ್ತನಾಲ್ಕು ಗಂಟೆ ಬರುತ್ತದೆ, ದಿನಕ್ಕೆ 14 ಯೂನಿಟ್! ಮಿಕ್ಕಿದ್ದನ್ನು ಹೀಟರಿಗೆ ಬಿಡಬೇಕು, ಇಲ್ಲದಿದ್ದರೆ ಟರ್ಬೈನ್ ವೇಗ ಏರಿ ಹಾಳಾಗುತ್ತದೆ. ಮಳೆಗಾಲದಲ್ಲಿ ಪುಕ್ಕಟೆ ಬಿಸಿನೀರು ಸಿಕ್ಕಂತೆ.

ಜುಲೈಯಲ್ಲಿ ಅಳೆದು ಖುಷಿಪಡಬೇಡಿ. ಫೆಬ್ರವರಿಯಲ್ಲೂ ಅಳೆಯಿರಿ. ಅರ್ಧ ಲೀಟರಿಗೆ ಇಳಿದರೆ 100 ವ್ಯಾಟ್, ಅಂದರೆ ದಿನಕ್ಕೆ ಎರಡೂವರೆ ಯೂನಿಟ್ಟಿಗೂ ಕಡಿಮೆ. ಕೆಳಗಿನ ತೋಟದವರು ಅದೇ ನೀರು ಬಳಸುತ್ತಿದ್ದರೆ ಮೊದಲೇ ಕೂತು ಮಾತಾಡಿ. ಕಾಡಿನೊಳಗಿಂದ ಪೈಪ್ ತರಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಆನೆ ಓಡಾಡುವ ದಾರಿಯಲ್ಲಿ ಪೈಪನ್ನು ಮಣ್ಣಿನಡಿ ಹೂಳಿ.

ಜನರೇಟರ್: ಒಳ್ಳೆಯ ಲೋಡ್ ಇದ್ದಾಗ ಲೀಟರ್ ಡೀಸೆಲ್ಲಿಗೆ ಸುಮಾರು 3 ಯೂನಿಟ್. ಲೋಡ್ ಕಾಲುಭಾಗಕ್ಕಿಂತ ಕೆಳಗಿದ್ದರೆ ಡೀಸೆಲ್ಲೂ ದಂಡ, ಎಂಜಿನ್ ಒಳಗೆ ಮಸಿಯೂ ಕಟ್ಟುತ್ತದೆ. ಮೋಟಾರ್ ನೇರವಾಗಿ ಸ್ಟಾರ್ಟ್ ಆಗುವಾಗ ಓಡುವಾಗಿನ 5ರಿಂದ 7 ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ ಜನರೇಟರ್ ದೊಡ್ಡದು ಬೇಕಾಗುವುದು ಆ ಎರಡು ಸೆಕೆಂಡಿಗೆ. ಮೋಟಾರನ್ನು ನಿಧಾನವಾಗಿ ಶುರು ಮಾಡಿಸುವ ಸಾಫ್ಟ್ ಸ್ಟಾರ್ಟರ್ ಹಾಕಿ, ಮೋಟಾರುಗಳನ್ನು ಒಂದಾದ ಮೇಲೆ ಒಂದು ಶುರು ಮಾಡಿ, ಸಣ್ಣದರಲ್ಲೇ ಸುಧಾರಿಸಬಹುದು.

ಯಾವುದು ಯಾವುದರ ಜತೆ ಕೈಕೊಡುತ್ತದೆ?

ಇಡೀ ಯೋಜನೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಈ ಹಂತ. ಎರಡು ಮೂಲ ಇಟ್ಟುಕೊಂಡರೆ ಒಂದು ಕೆಟ್ಟರೆ ಇನ್ನೊಂದು ಇದೆ ಅಂದುಕೊಳ್ಳುತ್ತೇವೆ. ಒಂದೇ ಕಾರಣಕ್ಕೆ ಎರಡೂ ಕೆಟ್ಟರೆ?

ಭಾರೀ ಮಳೆಯ ವಾರವನ್ನು ನೋಡಿ. ಮರ ಬಿದ್ದು ಲೈನ್ ಹೋಗುತ್ತದೆ. ಮೋಡ ಕವಿದು ಸೋಲಾರ್ ಇಳಿಯುತ್ತದೆ. ರಸ್ತೆ ಕುಸಿದು ಡೀಸೆಲ್ ಬರುವುದಿಲ್ಲ. ಮೂರೂ ಒಂದೇ ದಿನ. ಆ ವಾರ ತುಂಬಿ ಹರಿಯುವುದು ಹಳ್ಳ ಒಂದೇ.

ಬರದ ವರ್ಷ ತಿರುಗುಮುರುಗು. ಹಳ್ಳ ಬತ್ತುತ್ತದೆ. ಹೂಮಳೆಯೂ ಬಾರದೆ ಸ್ಪ್ರಿಂಕ್ಲರ್ ಹೆಚ್ಚು ದಿನ ಓಡಬೇಕು. ಜಲಾಶಯಗಳಲ್ಲಿ ನೀರಿಲ್ಲದೆ ಗ್ರಿಡ್‌ನಲ್ಲೂ ಕೊರತೆ. ಆಗ ಕೈ ಹಿಡಿಯುವುದು ಬಿಸಿಲು.

ಹಳ್ಳ ಮತ್ತು ಬಿಸಿಲು ಒಟ್ಟಿಗೆ ಕೈಕೊಡುವುದು ಅಪರೂಪ. ಅದಕ್ಕೇ ಮಲೆನಾಡಿನಲ್ಲಿ ಇವೆರಡೂ ಒಳ್ಳೆಯ ಜೋಡಿ. ದೊಡ್ಡ ಸೋಲಾರ್ ಒಂದನ್ನೇ ಹಾಕುವುದಕ್ಕಿಂತ ಸಣ್ಣ ಸೋಲಾರ್, ಸಣ್ಣ ಟರ್ಬೈನ್ ಎರಡನ್ನೂ ಹಾಕುವುದು ಗಟ್ಟಿ.

ರಾಜ್ಯದ ಮಟ್ಟದಲ್ಲೂ ಇದೇ ಕಥೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋದಾಗಿನಿಂದ ನಮ್ಮ ರಾಜ್ಯ ಬಹುಕಾಲ ನೀರನ್ನೇ ನಂಬಿತ್ತು. 1035 ಮೆಗಾವ್ಯಾಟಿನ ಶರಾವತಿ ಕೇಂದ್ರ ಇಂದಿಗೂ ದೊಡ್ಡ ಆಸರೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ, ಅದೇ ಹೊತ್ತಿಗೆ ಬೆಳೆ ಉಳಿಸಲು ಪಂಪ್‌ಸೆಟ್‌ಗಳು ಜಾಸ್ತಿ ಓಡಿದವು. ಬೇಡಿಕೆ ಏರಿದ್ದಕ್ಕೂ ಪೂರೈಕೆ ಇಳಿದದ್ದಕ್ಕೂ ಕಾರಣ ಒಂದೇ. ಆಗ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟನ್ನು ಕೈಗಡ ತಂದರು. ಮುಂದಿನ ಮಳೆಗಾಲದಲ್ಲಿ ವಾಪಸ್ ಕೊಡುವ ಒಪ್ಪಂದ. ಭತ್ತದ ಕಾಲದಲ್ಲಿ ಅವರಿಗೆ ಬೇಕು, ನಮಗೆ ಬೇಸಿಗೆಗೆ ಬೇಕು. ಕಾಲ ಬೇರೆಯಾದ್ದರಿಂದ ಕೈಗಡ ನಡೆಯಿತು.

ನೆರೆಯವರ ಜತೆ ಸೇರಿ ಜನರೇಟರ್ ಕೊಳ್ಳುವಾಗಲೂ ಇದನ್ನೇ ನೋಡಿ. ಅರೇಬಿಕಾ ಬೆಳೆಯುವ ಇಬ್ಬರು ಸೇರಿದರೆ ಡಿಸೆಂಬರಿನ ಒಂದೇ ಸಂಜೆ ಇಬ್ಬರಿಗೂ ಬೇಕು. ಅರೇಬಿಕಾ ಪಲ್ಪ್ ಮಾಡುವವರು, ರೊಬಸ್ಟಾವನ್ನು ಚೆರಿಯಾಗಿಯೇ, ಅಂದರೆ ಸಿಪ್ಪೆ ಸಮೇತ ಒಣಗಿಸುವವರು ಜತೆಯಾದರೆ ಒಬ್ಬರಿಗೆ ನವೆಂಬರಿನಿಂದ ಜನವರಿ, ಇನ್ನೊಬ್ಬರಿಗೆ ಫೆಬ್ರವರಿ, ಮಾರ್ಚ್. ಒಂದೇ ಯಂತ್ರ ಎರಡು ತೋಟಕ್ಕೆ ಆಗುತ್ತದೆ. ಟ್ರಾಲಿ ಮೇಲೆ ಕೂರಿಸಿ.

ಹಳಹಳಿಯ ಲೆಕ್ಕ

ಈಗ ತೀರ್ಮಾನ. ಮೂರು ಯೋಜನೆ ಇಟ್ಟುಕೊಳ್ಳೋಣ.

ಒಂದು, ಬರೀ ಜನರೇಟರ್. ಎರಡು, 5 ಕಿಲೋವ್ಯಾಟ್ ಸೋಲಾರ್ ಮತ್ತು ದೊಡ್ಡ ಬ್ಯಾಟರಿ. ಮೂರು, ಮಿಶ್ರ: 2 ಕಿಲೋವ್ಯಾಟ್ ಸೋಲಾರ್, 5 ಯೂನಿಟ್ ಹಿಡಿಯುವ ಬ್ಯಾಟರಿ, ಹಳ್ಳದ 600 ವ್ಯಾಟ್, ಪಾಲಿನ ಜನರೇಟರ್.

ಪ್ರತಿಯೊಂದಕ್ಕೂ ಮೂರು ಬಗೆಯ ವರ್ಷದಲ್ಲಿ ಬೀಳುವ ಖರ್ಚು ಬರೆಯಿರಿ. ಹಾಕಿದ ಬಂಡವಾಳವನ್ನು ಯಂತ್ರದ ಆಯುಷ್ಯಕ್ಕೆ ಹಂಚಿದ ಪಾಲು, ಡೀಸೆಲ್, ರಿಪೇರಿ, ಕರೆಂಟ್ ಇಲ್ಲದೆ ಆದ ಬೆಳೆ ನಷ್ಟ, ಎಲ್ಲಾ ಸೇರಬೇಕು. ಕೆಳಗಿನ ಅಂಕಿಗಳು ದಾರಿ ತೋರಿಸಲು ನಾನು ಇಟ್ಟವು, ಸಾವಿರ ರೂಪಾಯಿಗಳಲ್ಲಿ. ನಿಮ್ಮ ಕೊಟೇಷನ್, ನಿಮ್ಮ ನೋಟ್‌ಬುಕ್ ನೋಡಿ ಬದಲಿಸಿಕೊಳ್ಳಿ.

| ಯೋಜನೆ | ಸಾಮಾನ್ಯ ವರ್ಷ | ಅತಿಮಳೆ | ಬರ |
|---|---|---|---|
| ಬರೀ ಜನರೇಟರ್ | 35 | 80 | 60 |
| ದೊಡ್ಡ ಸೋಲಾರ್ | 58 | 75 | 52 |
| ಮಿಶ್ರ | 48 | 55 | 58 |

ಪ್ರತಿ ಕಾಲಂನಲ್ಲಿ ಅತಿ ಕಡಿಮೆ ಯಾವುದು ನೋಡಿ. 35, 55, 52. ಅದಕ್ಕಿಂತ ನಿಮ್ಮ ಯೋಜನೆ ಎಷ್ಟು ಜಾಸ್ತಿ ತಿಂದಿತೋ ಅಷ್ಟು ನಿಮ್ಮ ಹಳಹಳಿ. "ಅಯ್ಯೋ, ಅದನ್ನು ಮಾಡಬೇಕಿತ್ತು" ಎಂದು ಕೊರಗುವ ಮೊತ್ತ. ಜನರೇಟರಿನ ಹಳಹಳಿ 0, 25, 8. ದೊಡ್ಡ ಸೋಲಾರಿನದು 23, 20, 0. ಮಿಶ್ರದ್ದು 13, 0, 6. ಪ್ರತಿಯೊಂದರ ಅತಿ ದೊಡ್ಡ ಹಳಹಳಿ 25, 23, 13. ಮಿಶ್ರ ಯೋಜನೆ ಒಂದೇ ಕಾಲಂನಲ್ಲಿ ಗೆದ್ದಿದೆ. ಆದರೂ ಯಾವ ವರ್ಷ ಬಂದರೂ ಅದು ನಿಮ್ಮನ್ನು ಮುಳುಗಿಸುವುದಿಲ್ಲ.

ಸರಾಸರಿ ತೆಗೆದರೆ ಏನಾಗುತ್ತದೆ? ಹತ್ತು ವರ್ಷದಲ್ಲಿ ಆರು ಸಾಮಾನ್ಯ, ಎರಡು ಅತಿಮಳೆ, ಎರಡು ಬರ ಅಂದುಕೊಳ್ಳಿ. ಜನರೇಟರಿಗೆ ವರ್ಷಕ್ಕೆ ಸರಾಸರಿ 49 ಸಾವಿರ, ಮಿಶ್ರಕ್ಕೆ 51,400. ಜನರೇಟರ್ ಗೆಲ್ಲುತ್ತದೆ. ಈಗ ಒಂದೇ ಒಂದು ಸಾಮಾನ್ಯ ವರ್ಷವನ್ನು ಅತಿಮಳೆ ಎಂದು ಬದಲಿಸಿ. ಜನರೇಟರ್ 53,500, ಮಿಶ್ರ 52,100. ಮಿಶ್ರ ಗೆದ್ದಿತು! ಹತ್ತರಲ್ಲಿ ಎರಡು ಅತಿಮಳೆಯೋ ಮೂರೋ ಎಂದು ಯಾರು ಹೇಳಬಲ್ಲರು? ಯಾರಿಗೂ ತಿಳಿಯದ ಒಂದು ಅಂಕಿಯ ಮೇಲೆ ತೀರ್ಮಾನ ನಿಂತಾಗ ಸರಾಸರಿಯನ್ನು ನಂಬಬಾರದು. ಮೊದಲ ಲೆಕ್ಕದಲ್ಲಿ ಮಿಶ್ರಕ್ಕೆ ಜಾಸ್ತಿ ಬಿದ್ದ 2,400 ರೂಪಾಯಿಯನ್ನು ನಾನು ವಿಮೆಯ ಕಂತು ಎಂದು ನೋಡುತ್ತೇನೆ.

ಹಳ್ಳವೇ ಇಲ್ಲದ ತೋಟಕ್ಕೆ ಮಿಶ್ರದ ಸಾಲು ಬದಲಾಗುತ್ತದೆ. ಹಾಗೆಯೇ ಮಗ ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ವರ್ಷ, ಹೋಂಸ್ಟೇ ತೆರೆಯುವ ವರ್ಷ ಎಂದು ಇನ್ನೊಂದು ಕಾಲಂ ಸೇರಿಸಿ ನೋಡಿ. ಬೇಡಿಕೆಯೂ ಮಳೆಯಷ್ಟೇ ಅನಿಶ್ಚಿತ.

ಒಮ್ಮೆಗೇ ಎಲ್ಲಾ ಕೊಳ್ಳಬೇಡಿ

ಯಾವ ವರ್ಷ ಬಂದರೂ ಬೇಕಾಗುವುದನ್ನು ಮೊದಲು ಮಾಡಿ. ಎಲ್‌ಇಡಿ, ದೊಡ್ಡ ನೀರಿನ ಟ್ಯಾಂಕ್, ಒಳ್ಳೆಯ ಅರ್ಥಿಂಗ್, ಏಪ್ರಿಲ್ ಗುಡುಗು ಸಿಡಿಲಿಗೆ ವೋಲ್ಟೇಜ್ ಏರಿಕೆ ತಡೆಯುವ ಸರ್ಜ್ ಅರೆಸ್ಟರ್. ಮನೆಯ ಅಗತ್ಯದ ಲೈಟು, ಫ್ರಿಜ್ಜಿಗೆ ಬೇರೆ ವೈರಿಂಗ್. ಲೈನಿಗೆ ತಾಗುವ ಕೊಂಬೆಗಳನ್ನು ಲೈನ್‌ಮ್ಯಾನ್ ಕರೆದು, ಕರೆಂಟ್ ತೆಗೆಸಿ, ಮೇ ತಿಂಗಳಲ್ಲೇ ಸವರಿಸಿ. ಒಂದು ಯೂನಿಟ್ಟೂ ಹುಟ್ಟಿಸದೆ ಅರ್ಧ ಕಷ್ಟ ಇಲ್ಲೇ ಕಡಿಮೆಯಾಗುತ್ತದೆ.

ಆಮೇಲೆ ಬೆಳೆಯಲು ಜಾಗ ಬಿಟ್ಟು ಕೊಳ್ಳಿ. ಇನ್ವರ್ಟರ್ ಸ್ವಲ್ಪ ದೊಡ್ಡದು, ಪ್ಯಾನೆಲ್ ಕಡಿಮೆ. ಪ್ಯಾನೆಲ್ ಆಮೇಲೆ ಸೇರಿಸಬಹುದು. ಬ್ಯಾಟರಿಯನ್ನು ಮಾತ್ರ ಮುಂಚೆಯೇ ಜಾಸ್ತಿ ಕೊಳ್ಳಬೇಡಿ, ಬಳಸದೆ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಲೆಡ್ ಬ್ಯಾಟರಿಯಲ್ಲಿ ಬರೆದಿರುವುದರ ಅರ್ಧ ಬಳಸಬಹುದು, ಲಿಥಿಯಂನಲ್ಲಿ ನೂರಕ್ಕೆ ಎಂಬತ್ತರಷ್ಟು. ಬೆಲೆ ಹೋಲಿಸುವಾಗ ಬಳಸಬಹುದಾದ ಯೂನಿಟ್ ಲೆಕ್ಕದಲ್ಲಿ ಹೋಲಿಸಿ. ನಿಮ್ಮ ಪಲ್ಪರ್ ತ್ರೀ ಫೇಸ್, ಇನ್ವರ್ಟರ್ ಸಿಂಗಲ್ ಫೇಸ್ ಆದರೆ ಎರಡೂ ನೇರ ಹೊಂದುವುದಿಲ್ಲ, ಕೊಳ್ಳುವ ಮೊದಲೇ ಕೇಳಿ.

ಮುಂದಿನ ಹೆಜ್ಜೆ ಯಾವಾಗ ಎಂಬುದನ್ನು ಇಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನದು ಹೀಗಿದೆ: ವರ್ಷಕ್ಕೆ 150 ಲೀಟರ್ ಡೀಸೆಲ್ ದಾಟಿದರೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಸೇರಿಸಬೇಕು. ಎರಡು ಫೆಬ್ರವರಿ ಸತತವಾಗಿ ಹಳ್ಳ ಅರ್ಧ ಲೀಟರಿಗಿಂತ ಇಳಿದರೆ ಟರ್ಬೈನಿಗೆ ಇನ್ನು ದುಡ್ಡು ಹಾಕಬಾರದು. ಹೀಗೆ ಬರೆದಿಡದಿದ್ದರೆ ಮಳೆ ಜೋರಾದ ದಿನ ಗಾಬರಿಯಲ್ಲಿ ಕೊಳ್ಳುತ್ತೇವೆ.

ಬರುತ್ತದೆ ಎಂದು ಬೇರೆಯವರು ಹೇಳಿದ ಸಾಮರ್ಥ್ಯವನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಸಕಲೇಶಪುರದ ಗುಂಡ್ಯ ಜಲವಿದ್ಯುತ್ ಯೋಜನೆಯನ್ನೇ ನೋಡಿ. ಮೊದಲ ಹಂತದಲ್ಲೇ 200 ಮೆಗಾವ್ಯಾಟ್ ಅಂದಿದ್ದರು. ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ಎದ್ದಿತು. ಪಶ್ಚಿಮ ಘಟ್ಟದ ಪರಿಸರ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಅದಕ್ಕೆ ಅನುಮತಿ ಬೇಡ ಎಂದಿತು. ಆ ಕಾಡು ಉಳಿಯಬೇಕು ಎಂಬುದೇ ನನ್ನ ಮನಸ್ಸು ಕೂಡ. ಕಾಗದದ ಮೇಲಿನ ಮೆಗಾವ್ಯಾಟ್ ನಮ್ಮ ಮನೆಯ ದೀಪ ಹೊತ್ತಿಸುವುದಿಲ್ಲ.

ಮೇ ತಿಂಗಳ ಪರೀಕ್ಷೆ

ಎಲ್ಲಾ ಜೋಡಿಸಿದ ಮೇಲೆ, ಮಳೆ ಶುರುವಾಗುವ ಮೊದಲು, ಮೇ ಎರಡನೇ ವಾರ ಒಂದು ದಿನ ಆರಿಸಿ. ಮೊದಲು ಚೇಂಜ್‌ಓವರ್ ಸ್ವಿಚ್ ನೋಡಿ. ಅದು ಗ್ರಿಡ್ ಅಥವಾ ನಿಮ್ಮ ಮೂಲ, ಎರಡರಲ್ಲಿ ಒಂದಕ್ಕೆ ಮಾತ್ರ ಕೂರಬೇಕು. ಜನರೇಟರನ್ನು ಪ್ಲಗ್ ಪಾಯಿಂಟಿಗೆ ಚುಚ್ಚುವ ಅಭ್ಯಾಸವನ್ನು ಇಂದೇ ಬಿಡಿ. ಆ ಕರೆಂಟ್ ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದಕ್ಕೆ ಹೋಗಿ 11 ಸಾವಿರ ವೋಲ್ಟಾಗುತ್ತದೆ. ಮಳೆಯಲ್ಲಿ ನೆನೆಯುತ್ತಾ ನಿಮಗಾಗಿಯೇ ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುತ್ತಾನೆ.

ಆಮೇಲೆ ಬೆಳಗ್ಗೆ ಆರಕ್ಕೆ ಮೇನ್ ಆಫ್ ಮಾಡಿ. ಮರುದಿನ ಬೆಳಗ್ಗೆ ಆರರವರೆಗೆ ಆನ್ ಮಾಡಬೇಡಿ. ಮನೆಯವರಿಗೂ ಲೈನಿನವರಿಗೂ ಹಿಂದಿನ ದಿನವೇ ಹೇಳಿಡಿ. ಬ್ಯಾಟರಿ ಯಾವ ಹೊತ್ತಿಗೆ ಅರ್ಧಕ್ಕೆ ಬಂತು, ಜನರೇಟರ್ ಎಷ್ಟು ಲೀಟರ್ ಕುಡಿಯಿತು, ಯಾರು ಯಾವ ಸ್ವಿಚ್ ಹುಡುಕಿ ಪರದಾಡಿದರು, ಎಲ್ಲವನ್ನೂ ಬರೆಯಿರಿ. ರಾತ್ರಿ ಹತ್ತಕ್ಕೆ ಪ್ಯಾನೆಲ್ಲಿನ ತಂತಿಯನ್ನೂ ತೆಗೆದು, ಮಾರನೇ ದಿನ ಮೋಡ ಕವಿದಿದೆ ಎಂದುಕೊಂಡು, ಸಾಧ್ಯವಾದರೆ ಪರೀಕ್ಷೆಯನ್ನು ಇನ್ನೊಂದು ಹಗಲು ಮುಂದುವರಿಸಿ ನೋಡಿ. ಕೊರತೆ ಎಲ್ಲಿ ಕಂಡರೂ ಸರಿಪಡಿಸಲು ಜೂನ್‌ವರೆಗೆ ಮೂರು ವಾರ ಇರುತ್ತದೆ.